ಬೇಡವೆಂದರೆ ತಲುಪಿದಂತೆ

ಎರಡನೇ ನೋಟಿಸೂ ವಾಪಸ್ ಬಂದ ಸಂಜೆ ಹಂಸ ಒಲೆಯ ಮುಂದೆ ನಿಂತು ಮುದ್ದೆ ತಿರುವುತ್ತಿದ್ದಳು. ಶಿವಾಜಿನಗರದ ಲಾಯರ್ ಹತ್ತಿರ ಹೋಗಿದ್ದ ಮಾವ ಮುನಿನಾರಾಯಣಪ್ಪ ಕಾಲು ತೊಳೆದು ಒಳಗೆ ಬಂದವರು, ಜೇಬಿನಲ್ಲಿ ನಾಲ್ಕಾಗಿ ಮಡಚಿಟ್ಟಿದ್ದ ಜೆರಾಕ್ಸ್ ಹಾಳೆಯನ್ನು ತೆಗೆದು ಮೊಮ್ಮಗಳು ಶ್ವೇತಳ ಮುಂದೆ ಹಿಡಿದರು.

"ಓದವ್ವ ಇದನ್ನ. ಲಕೋಟೆ ಮೇಲೆ ಪೋಸ್ಟ್‌ಮ್ಯಾನ್ ಏನೋ ಗೀಚವ್ನೆ, ನನ್ ಕಣ್ಣಿಗೆ ಹತ್ತಲ್ಲ."

ಆರನೇ ಕ್ಲಾಸಿನ ಶ್ವೇತ ಹಾಳೆಯನ್ನು ದೀಪದ ಕೆಳಗೆ ಹಿಡಿದು ನೋಡಿದಳು. "ಹೋದ್ ಸಲ ಬರೆದಿದ್ದೇ ತಾತ. ಲೆಫ್ಟ್ ಅಂತ. ಅಂದ್ರೆ ಬಿಟ್ಟು ಹೋಗಿದ್ದಾರೆ ಅಂತ."

"ಯಾರು ಬಿಟ್ಟೋಗಿರೋದು?"

"ಕಂಪನಿಯವ್ರು."

"ಇಂದಿರಾನಗರದ ನೂರಡಿ ರಸ್ತೇಲಿ ಅಷ್ಟೆತ್ತರ ಗಾಜಿನ ಬಿಲ್ಡಿಂಗು! ಇವತ್ತು ಬಸ್ಸಲ್ಲಿ ಬರ್ತಾ ನೋಡ್ಕೊಂಡೇ ಬಂದೆ. ಹಗಲೊತ್ತಲ್ಲೇ ಬೋರ್ಡು ಉರೀತಾ ಐತೆ. ಎಲ್ಲಿಗೆ ಬಿಟ್ಟೋದರಂತೆ ಅವರು?"

ಹಂಸಳ ಕೈಯಲ್ಲಿದ್ದ ಕೋಲು ಒಂದು ಗಳಿಗೆ ನಿಂತಿತು. ಹಿಟ್ಟು ಗಂಟು ಕಟ್ಟಿತು. ಮತ್ತೆ ಜೋರಾಗಿ ತಿರುವಿ ಗಂಟು ಒಡೆಯಲು ನೋಡಿದಳು, ಎಲ್ಲವೂ ಒಡೆಯಲಿಲ್ಲ.

ಅತ್ತೆ ಅಣ್ಣಮ್ಮ ಗೋಡೆಗೆ ಮೂರು ದಿಂಬು ಒರಗಿಸಿಕೊಂಡು ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಒಂದು ಹಿಡಿ ಬಿಡಿಸಿದರೆ ಸ್ವಲ್ಪ ಹೊತ್ತು ಸುಮ್ಮನೆ ಉಸಿರಾಡಬೇಕು. ಅವರ ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿರಲಿಲ್ಲ. ಹೊಸದು ಹಾಕಬೇಕು, ತಡ ಮಾಡಬೇಡಿ ಎಂದು ಡಾಕ್ಟರು ಹೇಳಿ ಐದು ತಿಂಗಳಾಗಿತ್ತು. ಇನ್ಶೂರೆನ್ಸ್ ಇದೆಯಲ್ಲ ಎಂದು ಮನೆಯವರೆಲ್ಲ ಧೈರ್ಯವಾಗಿಯೇ ಇದ್ದರು. ಕಂಪನಿಯೇ ಕೈ ಎತ್ತಿತು. ಕಾಯಿಲೆ ಹದಿನಾಲ್ಕು ವರ್ಷದಿಂದ ಇದೆ, ಅದನ್ನು ಮುಚ್ಚಿಟ್ಟು ಪಾಲಿಸಿ ತೆಗೆದುಕೊಂಡಿದ್ದೀರಿ, ಆಪರೇಷನ್ನಿಗೆ ಹಣವಿಲ್ಲ, ಪಾಲಿಸಿಯೂ ರದ್ದು ಎಂದು ಎರಡು ಪ್ಯಾರಾದಲ್ಲಿ ಬರೆದು ಕಳಿಸಿ ಕೈ ತೊಳೆದುಕೊಂಡಿತು.

ಆ ಹದಿನಾಲ್ಕು ವರ್ಷ ಮುನಿನಾರಾಯಣಪ್ಪನವರ ಬಾಯಿಂದಲೇ ಬಂದದ್ದು. ಕಗ್ಗದಾಸಪುರದ ಕೆರೆ ಹಿಂದಿನ ಹೊಲವನ್ನು ಬಿಲ್ಡರಿಗೆ ಕೊಟ್ಟ ಮೇಲೆ ಅವರ ಲೆಕ್ಕದಲ್ಲಿ ಕಾಲಕ್ಕೆ ಎರಡೇ ಭಾಗ: ಹೊಲ ಇದ್ದಾಗ, ಹೊಲ ಕೊಟ್ಟ ಮೇಲೆ. ಮಗನ ಮದುವೆಯಾದದ್ದು, ಮೊಮ್ಮಗಳು ಹುಟ್ಟಿದ್ದು, ಬೀದಿಗೆ ಟಾರು ಬಿದ್ದದ್ದು, ಪಕ್ಕದ ಮನೆಯ ಎಮ್ಮೆ ಸತ್ತದ್ದು ಎಲ್ಲವೂ ಹೊಲ ಕೊಟ್ಟ ಮೇಲೆ. ಆಸ್ಪತ್ರೆಯ ಎಳೆ ವಯಸ್ಸಿನ ಡಾಕ್ಟರು "ಉಸಿರಾಟದ ತೊಂದರೆ ಯಾವಾಗಿನಿಂದ?" ಎಂದು ಕೇಳಿದರೆ ಇವರು "ಹೊಲ ಕೊಟ್ಟ ಮೇಲೇ ಸ್ವಾಮಿ" ಎಂದರು. "ಹೊಲ ಕೊಟ್ಟು ಎಷ್ಟು ವರ್ಷ?" "ಹದಿನಾಲ್ಕಾಯ್ತು." ಡಾಕ್ಟರು ಹದಿನಾಲ್ಕು ಎಂದು ಬರೆದುಕೊಂಡರು. ಅಣ್ಣಮ್ಮನವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದ್ದು ಹೋದ ವರ್ಷದ ದೀಪಾವಳಿಯಲ್ಲಿ. ಅದನ್ನು ಯಾರೂ ಕೇಳಲಿಲ್ಲ. ಇನ್ಶೂರೆನ್ಸ್ ಕಂಪನಿಗೆ ಬೇಕಾಗಿದ್ದೂ ಅಷ್ಟೇ.

ಸರ್ಕಾರಿ ಆಸ್ಪತ್ರೆಯಲ್ಲಿ ಸರದಿ ಮುಂದಿನ ವರ್ಷಕ್ಕಿತ್ತು. ಮನೆ ಮಾರೋಣವೆಂದರೆ ಅದರ ಪತ್ರ ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ಸಿಕ್ಕಿಬಿದ್ದಿತ್ತು. ಉಳಿದದ್ದು ಗ್ರಾಹಕರ ಆಯೋಗ ಒಂದೇ. ಕೇಸು ಮುಗಿಯುವ ತನಕ ಪಾಲಿಸಿಯನ್ನು ಜೀವಂತವಾಗಿಡಿ, ಆಪರೇಷನ್ ಆಗಲಿ ಎಂದು ಲಾಯರ್ ಮಜೀದಾ ತುರ್ತು ಅರ್ಜಿ ಹಾಕಿದ್ದರು. ಕಂಪನಿಗೆ ನೋಟಿಸ್ ತಲುಪಲಿ, ಅವರೂ ಬರಲಿ, ಆಮೇಲೆ ಕೇಳೋಣ ಎಂದು ಆಯೋಗ ಹೇಳಿತ್ತು. ನೋಟಿಸ್ ತಲುಪಲೊಲ್ಲದು.

ಊಟಕ್ಕೆ ಕೂತಾಗ ಮುನಿನಾರಾಯಣಪ್ಪ ಸೊಸೆಯ ಮುಖ ನೋಡಿದರು.

"ನಿಮ್ಮ ಆಫೀಸೇ ಅಲ್ವೇನಮ್ಮ ಅದು. ಅಲ್ಲಿ ಟಪಾಲು ತಗೊಳ್ಳೋರು ಯಾರು?"

"ಕೆಳಗಡೆ ಬೇರೆಯವ್ರು ಇದ್ದಾರೆ ಮಾವ. ನಂದು ಮೂರನೇ ಫ್ಲೋರು. ಕಂಪ್ಯೂಟರ್ ಕೆಲಸ."

"ಆ ಬೇರೆಯವ್ರು ಹೊಟ್ಟೆಗೆ ಅನ್ನಾನೇ ತಿಂತಾರಾ? ಒಳಗೆ ಕೂತ್ಕೊಂಡು ಇಲ್ಲ ಅಂತಾರಲ್ಲ. ಆ ನಾಲಿಗೆ ಸೇದೋಗ!"

"ಊಟದ ಮುಂದೆ ಶಾಪ ಹಾಕ್ಬೇಡ್ರೀ," ಎಂದರು ಅಣ್ಣಮ್ಮ. "ಯಾರ ಮನೆ ಮಕ್ಕಳೋ ಏನೋ."

ಹಂಸಳ ಗಂಡ ಸುನಿಲ್ ತಲೆ ಎತ್ತದೆ ಮುದ್ದೆ ಮುರಿದ. ಬಾಯಿಗೆ ಸಿಕ್ಕ ಗಂಟನ್ನು ತಟ್ಟೆಯ ಅಂಚಿಗೆ ತೆಗೆದಿಟ್ಟ. ಹಂಸ ಎಲ್ಲರಿಗೂ ಸಾರು ಬಡಿಸಿ, ತನಗೆ ಹಸಿವಿಲ್ಲವೆಂದು ಪಾತ್ರೆ ತೊಳೆಯಲು ಹೋದಳು.

ಆ ನಾಲಿಗೆ ಹಂಸಳದೇ. ಮೂರನೇ ಫ್ಲೋರೂ ಇಲ್ಲ, ಕಂಪ್ಯೂಟರೂ ಇಲ್ಲ. ನೆಲಮಹಡಿಯಲ್ಲಿ, ಗಾಜಿನ ಬಾಗಿಲಿಗೆ ಎದುರಾಗಿ ಇರುವ ಟಪಾಲು ಮೇಜಿನಲ್ಲಿ ಕೂತು, ಬಂದ ಕಾಗದಕ್ಕೆಲ್ಲ ನೇರಳೆ ಸೀಲು ಒತ್ತುವುದು ಅವಳ ಕೆಲಸ. ಏಜೆನ್ಸಿಯ ಮೂಲಕ ಸೇರಿದವಳು; ಅಲ್ಲಿನ ದಾಖಲೆಯಲ್ಲಿ ಕಲ್ಯಾಣ ನಗರದ ತವರುಮನೆಯ ವಿಳಾಸವಿತ್ತು, ಹಾಗಾಗಿ ಅವಳು ಅಣ್ಣಮ್ಮನವರ ಸೊಸೆಯೆಂದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅತ್ತೆಗೆ ಅದೇ ಕಂಪನಿಯ ಪಾಲಿಸಿ ಮಾಡಿಸಿದ್ದೂ ಅವಳೇ. ದೊಡ್ಡ ಕಂಪನಿ, ಕಣ್ಣೆದುರಿಗೇ ಇರುತ್ತದೆ ಎಂದು ನಂಬಿ ಫಾರಂ ತಂದು, ತನ್ನ ಕೈಯಾರೆ ತುಂಬಿದ್ದಳು.

ಸೇರಿದ ಮೊದಲ ವಾರವೇ ಆಡಳಿತದ ಮ್ಯಾನೇಜರ್ ಆನಂದ್ ಅವಳಿಗೆ ಪಾಠ ಹೇಳಿಕೊಟ್ಟಿದ್ದ. "ಕನ್ಸ್ಯೂಮರ್ ಕೇಸ್ ಕವರ್ ಬಂದ್ರೆ ಲೀಗಲ್ ಡಿಪಾರ್ಟ್‌ಮೆಂಟ್ ಇಲ್ಲಿಂದ ಶಿಫ್ಟ್ ಆಗಿದೆ ಅನ್ನು, ಅಷ್ಟೇ. ಪೋಸ್ಟ್‌ಮ್ಯಾನ್ ಬರ್ಕೊಂಡು ಹೋಗ್ತಾನೆ. ಆದ್ರೆ ನಾವು ತಗೊಳ್ಳಲ್ಲ, ಬೇಡ, ಅಂತ ಮಾತ್ರ ಅನ್ಬೇಡ. ಆ ಮಾತು ಬಾಯಲ್ಲಿ ಬರ್ಲೇಬಾರದು."

ಯಾಕೆ ಸರ್ ಎಂದು ಹಂಸ ಕೇಳಿರಲಿಲ್ಲ. ಸಂಬಳ ಕೊಡುವವರನ್ನು ಯಾಕೆ ಎಂದು ಕೇಳುವ ಅಭ್ಯಾಸ ಅವಳಿಗಿರಲಿಲ್ಲ. ಲೀಗಲ್‌ನವರು ಎರಡನೇ ಮಹಡಿಯಲ್ಲಿ ಟೀ ಕುಡಿಯುತ್ತಿರುವಾಗ ಕೆಳಗೆ ಇವಳು ಅವರನ್ನು ಊರಾಚೆ ಕಳಿಸುತ್ತಿದ್ದಳು. ಎಷ್ಟೋ ಲಕೋಟೆಗಳು ಹಾಗೆ ಹಿಂದೆ ಹೋದವು. ಅವುಗಳ ಮೇಲಿನ ಹೆಸರುಗಳನ್ನು ಅವಳು ಓದುತ್ತಲೂ ಇರಲಿಲ್ಲ. ಒಂದು ದಿನ ಪೋಸ್ಟ್‌ಮ್ಯಾನ್ ಚಾಚಿದ ಲಕೋಟೆಯ ಮೇಲೆ "ಅಣ್ಣಮ್ಮ, ಕಗ್ಗದಾಸಪುರ" ಎಂದಿತ್ತು. ಆನಂದ್ ಲಿಫ್ಟಿನ ಹತ್ತಿರವೇ ನಿಂತಿದ್ದ. "ಶಿಫ್ಟ್ ಆಗಿದೆ ಅಣ್ಣ," ಎಂದಳು. ಎರಡನೇ ಸಲ ಆನಂದ್ ಇರಲಿಲ್ಲ. ಆಗಲೂ ಅದನ್ನೇ ಅಂದಳು. ಒಂದು ಸಲ ಹೇಳಿಯಾಗಿತ್ತು, ಈಗ ಬೇರೆ ಹೇಳಿದರೆ ಮೊದಲಿನದು ಸುಳ್ಳೆಂದು ಗೊತ್ತಾಗುತ್ತದೆ ಎಂಬ ಭಯ.

ಇದು ಗೊತ್ತಿದ್ದದ್ದು ಸುನಿಲ್‌ಗೆ ಮಾತ್ರ. ಮಾರನೆಯ ಬೆಳಿಗ್ಗೆ ಅವಳು ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಾಗ ಅವನು ತಾನು ಓಡಿಸುವ ಕ್ಯಾಬ್‌ನ ಕೀಲಿ ಹಿಡಿದು ಮೇಲೆ ಬಂದ.

"ನೀನೇ ಅಂತ ಅಪ್ಪಂಗೆ ಹೇಳ್ಬಿಟ್ಟೀಯ, ಹುಷಾರು."

"ನಂಗೆ ಅನ್ನ ಇಳೀತಿಲ್ಲ ರೀ."

"ಇಳಿಸ್ಕೋ. ನಮ್ ಟ್ರಿಪ್ ಅರ್ಧ ಮಾಡವ್ರೆ. ಅಮ್ಮನ ಮಾತ್ರೆ, ಶ್ವೇತನ ಸ್ಕೂಲು ಎಲ್ಲ ನಿನ್ ಸಂಬಳದಲ್ಲಿ ನಡೀತಿರೋದು. ನೀನು ಸೀಲ್ ಒತ್ತಿ ಮನೆಗೆ ಬಂದು ಕೂತ್ಕೊಂಡ್ರೆ ಅಮ್ಮ ಏನು ನುಂಗ್ತಾಳೆ? ಕೋರ್ಟ್ ಕಾಗದಾನಾ?"

"ನಿಮ್ಮಮ್ಮ ರೀ ಅವರು."

"ಗೊತ್ತು ಕಣೇ! ಅದಕ್ಕೇ ಹೇಳ್ತಿರೋದು!" ಎಂದು ಕೂಗಿದ. ಕೆಳಗಿನಿಂದ ಅಣ್ಣಮ್ಮ "ಏನ್ರೋ ಅದು ಗಲಾಟೆ?" ಎಂದರು. "ಏನಿಲ್ಲಮ್ಮ, ಕ್ಲಿಪ್ಪು ಕೆಳಗೆ ಬಿತ್ತು," ಎಂದು ಸುನಿಲ್ ಇಳಿದು ಹೋದ.

ಶನಿವಾರ ಮಧ್ಯಾಹ್ನ ಅತ್ತೆಯ ಆಸ್ಪತ್ರೆ ಫೈಲು ಹಿಡಿದುಕೊಂಡು ಹಂಸಳೇ ಮಾವನ ಜೊತೆ ಶಿವಾಜಿನಗರಕ್ಕೆ ಹೋಗಬೇಕಾಯಿತು. ಮಜೀದಾ ಅವರ ಆಫೀಸು ಬಿರಿಯಾನಿ ಹೋಟೆಲೊಂದರ ಮಹಡಿಯ ಮೇಲಿತ್ತು. ಏಣಿಯಷ್ಟು ಕಡಿದಾದ ಮೆಟ್ಟಿಲು, ಎರಡು ಕುರ್ಚಿ, ಗೋಡೆಯುದ್ದಕ್ಕೂ ಫೈಲು. ಮಜೀದಾ ನಲವತ್ತು ದಾಟಿದ ಹೆಂಗಸು, ಮಾತು ಪಟಪಟ.

"ಬನ್ನಿ ಅಂಕಲ್, ಕೂತ್ಕೊಳ್ಳಿ. ನೋಡಿ, ಪೋಸ್ಟ್ ಸಾಕು. ಈ ಸಲ ದಸ್ತಿ ತಗೊಂಡಿದ್ದೀನಿ."

"ಅಂದ್ರೆ ಏನಮ್ಮ?"

"ಕೈಯಾರೆ ಕೊಡೋದು. ಆಯೋಗದವ್ರು ನೋಟಿಸ್ ನಮ್ಮ ಕೈಗೇ ಕೊಟ್ಟಿದ್ದಾರೆ. ಸೋಮವಾರ ನೀವೇ ಹೋಗಿ ಆ ಮೇಜಿನ ಮೇಲೆ ಇಡಿ. ನಮ್ಮ ಕಾಪಿ ಮೇಲೆ ಸೀಲ್ ಹಾಕಿಸ್ಕೊಳ್ಳಿ."

"ತಗೊಳ್ದೇ ಇದ್ರೆ?"

"ಅರೆ, ಅದೇ ಚೆನ್ನಾಗಿರೋದು ಅಂಕಲ್! ಬೇಡ ಅಂದ್ರೆ ತಲುಪಿದ ಹಾಗೇ. ಕಾನೂನೇ ಹಾಗಿದೆ. ಬೇಡ ಅನ್ಬೇಕು ಅಂದ್ರೆ ಮೊದ್ಲು ಅವರು ಅಲ್ಲಿ ಇರ್ಬೇಕಲ್ವಾ? ಈ ಕಂಪನಿಯವ್ರಿಗೆ ಅದು ಗೊತ್ತು. ಅದಕ್ಕೇ ಬೇಡ ಅನ್ನಲ್ಲ, ಇಲ್ಲ ಅನ್ನಿಸ್ತಾರೆ. ಯಾರೋ ಹನ್ನೆರಡು ಸಾವಿರ ಸಂಬಳದ ಹುಡುಗೀನ ಮುಂದೆ ಕೂರಿಸಿ ಸುಳ್ಳು ಹೇಳಿಸ್ತಾರೆ. ಅಷ್ಟೊತ್ತಿಗೆ ಪೇಷೆಂಟ್‌ಗೆ ಏನಾಗುತ್ತೆ ಅಂತ ಆ ಹುಡುಗಿಗೇನು ಗೊತ್ತು, ಪಾಪ."

ಹಂಸ ಫೈಲಿನ ದಾರವನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಆ ಪಾಪ ಎಂಬ ಮಾತು ಮಾವನ ಶಾಪಕ್ಕಿಂತ ಹೆಚ್ಚು ಉರಿಯಿತು.

"ಮೊದಲ್ನೇ ಸಲಾನೇ ಬೇಡ ಅಂದಿದ್ರೆ ಮೇಡಂ?" ಎಂದು ಕೇಳಿದಳು.

"ಮೊದಲ್ನೇ ಸಲಾನೇ ಬೇಡ ಅಂದಿದ್ರೆ ಇಷ್ಟೊತ್ತಿಗೆ ಅರ್ಜಿ ವಿಚಾರಣೆ ಆಗಿರೋದು. ಆರ್ಡರ್ ಸಿಕ್ಕಿದ್ರೂ ಸಿಕ್ಕಿರೋದು."

ಬಸ್ಸಿನಲ್ಲಿ ಮುನಿನಾರಾಯಣಪ್ಪ ಲಕೋಟೆಯನ್ನು ಅಂಗಿಯೊಳಗೆ, ಎದೆಗೆ ಒತ್ತಿಕೊಂಡು ಕೂತರು. ಹಲಸೂರು ದಾಟುವಾಗ "ಸೋಮವಾರ ನೀನು ಮೇಲಿಂದ ಇಳಿದು ಬರ್ಬೇಡ ಕಣಮ್ಮ," ಎಂದರು. "ನನ್ ಸೊಸೆ ಅಂತ ಗೊತ್ತಾದ್ರೆ ನಿನ್ ಕೆಲಸಕ್ಕೆ ತೊಂದ್ರೆ. ನಾನೇ ನೋಡ್ಕೋತೀನಿ." ಹಂಸ ಕಿಟಕಿಯ ಕಡೆ ತಿರುಗಿಕೊಂಡಳು. ಮಾವ ಒಳ್ಳೆಯವರಾಗಿರುವುದೇ ಆಗ ಅವಳಿಗೆ ತಡೆಯಲಾಗದ ಕಷ್ಟವಾಗಿತ್ತು.

ಸೋಮವಾರ ರಜೆ ಹಾಕಿದರೆ ಹೇಗೆ ಎಂದು ಯೋಚಿಸಿದಳು. ಹಾಕಿದರೆ ಆ ಮೇಜಿನಲ್ಲಿ ಇನ್ನೊಬ್ಬಳು ಕೂರುತ್ತಾಳೆ, ಶಿಫ್ಟ್ ಆಗಿದೆ ಅನ್ನುತ್ತಾಳೆ, ಸೆಕ್ಯುರಿಟಿಯವನು ಮಾವನನ್ನು ಹೊರಗೆ ಕಳಿಸುತ್ತಾನೆ. ಮುಂದಿನ ತಾರೀಖಿಗೆ ಇನ್ನೂ ಐದು ವಾರ ಕಾಯಬೇಕು.

ಭಾನುವಾರ ಮಧ್ಯಾಹ್ನ ಅವಳು ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಮಾವ ನಲ್ಲಿ ರಿಪೇರಿಗೆಂದು ಹಿಂದುಗಡೆ ಹೋಗಿದ್ದರು. ಅಣ್ಣಮ್ಮ ತಲೆಯ ಮೇಲಿದ್ದ ಸೊಸೆಯ ಕೈಯನ್ನು ಹಿಡಿದು ಮುಂದಕ್ಕೆ ಎಳೆದುಕೊಂಡರು. ಹೆಬ್ಬೆರಳು, ತೋರುಬೆರಳಿನ ಉಗುರಿನ ಸಂದಿಯಲ್ಲಿ ನೇರಳೆ ಬಣ್ಣವಿತ್ತು.

"ಕಂಪ್ಯೂಟರ್ ಒತ್ತಿದ್ರೆ ಮಸಿ ಹತ್ತುತ್ತಾ?"

ಹಂಸ ಬೆರಳು ಮಡಚಿಕೊಳ್ಳಲು ನೋಡಿದಳು.

"ನಮ್ಮಪ್ಪ ಪಂಚಾಯ್ತೀಲಿ ಜವಾನ ಆಗಿದ್ದ. ದಿನಾ ಇದೇ ಕೈ ತಗೊಂಡು ಮನೆಗೆ ಬರೋನು. ಎರಡು ವರ್ಷದಿಂದ ನೋಡ್ತಾ ಇದ್ದೀನಿ. ಸೀಲ್ ಒತ್ತೋರ ಕೈ ಇದು." ಉಸಿರಿಗಾಗಿ ನಿಂತು ಮತ್ತೆ ಹೇಳಿದರು. "ಕಾಗದ ವಾಪಸ್ ಕಳಿಸಿದ್ದು ನೀನೇ ಅಲ್ವಾ?"

"ಹೂಂ ಅತ್ತೆ." "ಹೂಂ. ಎರಡ್ ಸಲಾನೂ."

"ನಿಮ್ ಮಾವಂಗೆ ನಾನು ಹೇಳಿಲ್ಲ."

"ಬೈದ್ಬಿಡಿ ಅತ್ತೆ. ಸುಮ್ನೆ ಇರ್ಬೇಡಿ."

"ಬೈಯೋಕೆ ಉಸಿರೆಲ್ಲೈತೆ?" ಎಂದು ಅಣ್ಣಮ್ಮ ನಕ್ಕರು, ಆ ನಗುವಿನಿಂದಲೇ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಸೊಸೆಯ ಕೈ ಬಿಡದೆ ಹೇಳಿದರು: "ಎಲ್ಲರ ಮುಂದೆ ವಯಸ್ಸಾಯ್ತು, ಹೋದ್ರೆ ಹೋಗ್ಲಿ ಅಂತೀನಲ್ಲ, ಅದು ಬಾಯಿಮಾತು ಹಂಸ. ನಂಗೆ ಇರ್ಬೇಕು ಅಂತ ಆಸೆ ಐತೆ. ಶ್ವೇತ ದೊಡ್ಡೋಳಾಗೋದು ನೋಡ್ಬೇಕು. ರಾತ್ರಿ ಮಲಗಿದ್ರೆ ನೀರೊಳಗೆ ಮುಳುಗ್ದಂಗೆ ಆಗುತ್ತೆ, ಭಯ ಆಗುತ್ತೆ. ಕೆಲಸ ಬಿಡು ಅನ್ನಲ್ಲ. ಉಳಿಸ್ಕೋ ಅಂತಾನೂ ಅನ್ನಲ್ಲ. ನಂಗೆ ಬದುಕೋ ಆಸೆ ಐತೆ ಅನ್ನೋದು ನಿಂಗೊಬ್ಬಳಿಗಾದ್ರೂ ಗೊತ್ತಿರ್ಲಿ."

ಹಂಸ ಅತ್ತೆಯ ಬೆನ್ನಿಗೆ ಹಣೆ ಇಟ್ಟು ಅತ್ತಳು. ಎಣ್ಣೆ ಬಟ್ಟಲು ಮಗುಚಿ ಚಾಪೆಯೆಲ್ಲ ಎಣ್ಣೆಯಾಯಿತು.

ಸೋಮವಾರ ಹನ್ನೊಂದು ಗಂಟೆಗೆ ಮುನಿನಾರಾಯಣಪ್ಪ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ, ಹಬ್ಬಕ್ಕೆ ಹಾಕುವ ಚಪ್ಪಲಿ. ಗಾಜಿನ ಬಾಗಿಲನ್ನು ಎತ್ತ ನೂಕಬೇಕೆಂದು ತಿಳಿಯದೆ ನಿಂತಿದ್ದವರನ್ನು ಸೆಕ್ಯುರಿಟಿಯ ಬಸು ಒಳಗೆ ಕರೆದುಕೊಂಡ. ಬಸು ಯಾದಗಿರಿಯ ಕಡೆಯವನು.

"ಯಾರನ್ನ ಕಾಣ್ಬೇಕ್ರಿ ಯಜಮಾನ್ರ?"

"ಟಪಾಲು ಕೊಡ್ಬೇಕಿತ್ತಪ್ಪ. ಕೋರ್ಟಿಂದು."

ಕೋರ್ಟು ಎಂಬ ಮಾತು ಬಿದ್ದದ್ದೇ ತಡ, ಬಸು ಮೇಲಿನವರು ಹೇಳಿಕೊಟ್ಟಂತೆ ಫೋನ್ ಎತ್ತಿ ಆನಂದ್‌ನನ್ನು ಕರೆದ. "ಅಲ್ಲೇ ಮೇಡಂ ಕುಂತಾರ ನೋಡ್ರಿ," ಎಂದು ಮುದುಕರಿಗೆ ಮೇಜು ತೋರಿಸಿದ.

ಮುನಿನಾರಾಯಣಪ್ಪ ಮೇಜಿನ ಕಡೆ ತಿರುಗಿದರು. ಹಂಸ ಎದ್ದು ನಿಂತಳು. ಮೇಲಿನಿಂದ ಇಳಿದು ಬಂದಳೇನೋ ಎಂಬಂತೆ ಲಿಫ್ಟಿನ ಕಡೆ ನೋಡಿದರು. ಆಮೇಲೆ ಅವಳ ಮುಂದಿದ್ದ ಸೀಲನ್ನು, ಮಸಿಯ ಪ್ಯಾಡನ್ನು, ಹಿಂದೆ ಕುರ್ಚಿಗೆ ನೇತುಹಾಕಿದ್ದ ಅವಳ ಊಟದ ಚೀಲವನ್ನು ನೋಡಿದರು. ಆ ಚೀಲವನ್ನು ಬೆಳಿಗ್ಗೆ ಅವಳ ಕೈಗೆ ಎತ್ತಿಕೊಟ್ಟವರು ಅವರೇ.

ಅಷ್ಟರಲ್ಲಿ ಆನಂದ್ ಬಂದು ಲಿಫ್ಟಿನ ಮುಂದೆ ನಿಂತ.

ಮುದುಕರು ಆನಂದ್‌ನನ್ನು ನೋಡಿದರು, ಸೊಸೆಯನ್ನು ನೋಡಿದರು. ಕೈ ಜೋಡಿಸಿದರು.

"ನಮಸ್ಕಾರ ಮೇಡಂ."

ಹಂಸ ಮದುವೆಯಾಗಿ ಬಂದ ಹದಿಮೂರು ವರ್ಷದಲ್ಲಿ ಕಣಮ್ಮ, ತಾಯಿ, ಹಂಸ ಎಂದು ಕರೆದ ಬಾಯಿ ಅದು.

"ನಮ್ ಮನೆಯೋರ ಕೇಸಿನ ಕಾಗದ. ಕೋರ್ಟಿನೋರು ನನ್ ಕೈಲೇ ಕೊಟ್ಟು ಕಳಿಸವ್ರೆ." ಅಂಗಿಯೊಳಗಿಂದ ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. ಬೆವರಿಗೆ ಅದರ ಅಂಚು ಒದ್ದೆಯಾಗಿತ್ತು. "ಈ ಆಫೀಸು ಖಾಲಿ ಮಾಡ್ಕೊಂಡು ಹೋಗವ್ರೆ ಅಂತ ಎರಡ್ ಸಲ ಬರೆದು ಕಳಿಸಿದ್ರಿ. ಹೋಗಿಲ್ಲ ಅಲ್ವಾ ಮೇಡಂ?"

ಬಸು ನೆಲ ನೋಡಿದ. ಆನಂದ್ ಗಂಟಲು ಸರಿಮಾಡಿಕೊಂಡ; ಕೋರ್ಟಿನ ಕಾಗದ ತಂದವರ ಎದುರಿಗೆ ತಾನಾಗಿ ಬಾಯಿ ಬಿಡುವಂತಿರಲಿಲ್ಲ.

"ಹೋಗಿಲ್ಲ," ಎಂದಳು ಹಂಸ. "ಇಲ್ಲೇ ಇದೀವಿ."

"ಹಂಗಾದ್ರೆ ತಗೊಳ್ಳಿ."

"ತಗೊಳ್ಳಲ್ಲ. ಬೇಡ." ಧ್ವನಿ ಅವಳಿಗೇ ಜೋರೆನಿಸಿತು. "ನಿಮ್ಮ ಕಾಪಿ ಕೊಡಿ."

ಅವರು ಕೊಟ್ಟ ನಕಲಿನ ಮೇಲೆ ಅವಳು ಒಂದೊಂದೇ ಅಕ್ಷರ ಬಿಡಿಸಿ ಬರೆದಳು: ಕಂಪನಿಯ ಪರವಾಗಿ ಈ ನೋಟಿಸನ್ನು ತೆಗೆದುಕೊಳ್ಳಲು ನಿರಾಕರಿಸಿದ್ದೇನೆ. ಹಂಸ, ಟಪಾಲು ವಿಭಾಗ. ತಾರೀಖು, ಗಂಟೆ ಹಾಕಿದಳು. ಸೀಲನ್ನು ಪ್ಯಾಡಿಗೆ ಅದ್ದಿ ಹೆಸರಿನ ಪಕ್ಕದಲ್ಲೇ ಒತ್ತಿ, ಹಾಳೆಯನ್ನೂ ಲಕೋಟೆಯನ್ನೂ ಒಟ್ಟಿಗೆ ಅವರ ಕೈಗಿಟ್ಟಳು.

ಮುನಿನಾರಾಯಣಪ್ಪ ಆ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಮಜೀದಾ ಹೇಳಿದ್ದು ಅವರಿಗೂ ನೆನಪಿತ್ತು. ಬಂದ ಕೆಲಸ ಆಗಿತ್ತು. ಮುಖದಲ್ಲಿ ಮಾತ್ರ ಆ ಗೆಲುವು ಇರಲಿಲ್ಲ. "ಉಪಕಾರ ಆಯ್ತು ಮೇಡಂ," ಎಂದು ಬಾಗಿಲಿನ ಕಡೆ ನಡೆದರು.

ಅವರು ರಸ್ತೆ ದಾಟಿದ ಮೇಲೆ ಆನಂದ್ ಹತ್ತಿರ ಬಂದ. "ಏನೋ ಬರ್ಕೊಟ್ಟೆಯಲ್ಲ, ಏನದು?"

"ತಗೊಂಡಿಲ್ಲ ಅಂತ ಸರ್. ನೀವೇ ಹೇಳಿದ್ದಲ್ವಾ, ತಗೊಳ್ಬೇಡ ಅಂತ. ತಗೊಳ್ಳಲಿಲ್ಲ."

ಕೆಲಸವೂ ಉಳಿಯಲಿ, ನೋಟಿಸೂ ತಲುಪಲಿ ಎಂದು ಅವಳು ಆಸೆಪಟ್ಟಿದ್ದಳು. ಆ ಆಸೆ ಗುರುವಾರದ ತನಕ ಬಾಳಿತು. ಗುರುವಾರ ಏಜೆನ್ಸಿಯವರು ಫೋನ್ ಮಾಡಿ, ನಾಳೆಯಿಂದ ಬರಬೇಡಿ, ಐಡಿ ಕಾರ್ಡನ್ನು ಬಸು ಹತ್ತಿರ ಕೊಟ್ಟುಬಿಡಿ ಎಂದರು.

ಆ ಸೋಮವಾರ ಸಂಜೆ ಮನೆಯಲ್ಲಿ ಮಾವ ಕೇಳಿದ್ದು ಎರಡೇ ಪ್ರಶ್ನೆ.

"ಮೊದಲ್ನೆಯದೂ ನೀನೇನಾ?"

"ಹೂಂ ಮಾವ."

"ಎರಡನೆಯದು?"

"ಹೂಂ."

"ಹನ್ನೊಂದು ವಾರ ಹಾಳಾಯ್ತು," ಎಂದರು. ಅಷ್ಟು ಸ್ಪಷ್ಟವಾಗಿ ಅವರು ಕಾಲದ ಲೆಕ್ಕ ಹೇಳಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಅಲ್ಲಿಂದ ಮುಂದೆ ಸೊಸೆಯೊಂದಿಗೆ ಮಾತು ನಿಂತಿತು. ಅವಳು ಬಡಿಸಿದ್ದನ್ನು ಉಣ್ಣಲಿಲ್ಲ. ತಾವೇ ಅನ್ನ ಮಾಡಿಕೊಂಡು, ಮಜ್ಜಿಗೆ ಕಲಸಿಕೊಂಡು ವರಾಂಡದಲ್ಲಿ ಕೂತು ಉಂಡರು. ಸುನಿಲ್ ಅಪ್ಪನ ಮೇಲೆ ಕೂಗಾಡಿದ. "ನಾನೇ ಹೇಳಿದ್ದು ಅವಳಿಗೆ, ಕೆಲಸ ಬಿಡ್ಬೇಡ ಅಂತ! ಬೈಯೋದಿದ್ರೆ ನನ್ನ ಬೈ. ಹದಿನಾಲ್ಕು ವರ್ಷ ಅಂತ ಬರೆಸಿ ಬಂದೋನು ನೀನು. ನಿನ್ನ ಯಾರಾದ್ರೂ ಒಂದು ಮಾತು ಅಂದ್ರಾ?"

ಮುನಿನಾರಾಯಣಪ್ಪನವರ ಕೈಯ ತುತ್ತು ತಟ್ಟೆಗೆ ಬಿತ್ತು. "ಅಂದಿದ್ರೆ ಚೆನ್ನಾಗಿರ್ತಿತ್ತು ಕಣೋ," ಎಂದರು. ಎದ್ದು ಹೋಗಿ ಕೈ ತೊಳೆದರು.

"ಒಬ್ಬರ ಮೇಲೊಬ್ಬರು ಹಾಕ್ಕೊಂಡು ಕೂತ್ಕೊಳ್ಳಿ," ಎಂದರು ಒಳಗಿನಿಂದ ಅಣ್ಣಮ್ಮ. "ನಂಗೆ ಒಂದು ಲೋಟ ನೀರು ಕೊಡೋರು ಯಾರೂ ಇಲ್ಲ." ಮೂವರೂ ಒಟ್ಟಿಗೆ ಓಡಿದರು.

ಆಯೋಗ ಆ ನಕಲನ್ನು ನೋಡಿ, ನೋಟಿಸ್ ತಲುಪಿದೆ ಎಂದು ಬರೆದುಕೊಂಡಿತು. ಮುಂದಿನ ತಾರೀಖಿಗೆ ಕಂಪನಿಯ ವಕೀಲರು ಕರಿ ಕೋಟು ತೊಟ್ಟು ಬಂದೇ ಬಂದರು. ಉತ್ತರ ಕೊಡಲು ಸಮಯ ಬೇಕು, ತುರ್ತು ಅರ್ಜಿಗೂ ತಕರಾರು ಸಲ್ಲಿಸುತ್ತೇವೆ ಎಂದರು. ಮಜೀದಾ ಪಟ್ಟು ಹಿಡಿದು ವಾದಿಸಿ, ಹೆಚ್ಚು ಮುಂದಕ್ಕೆ ಹೋಗದಂತೆ ತಡೆದು ಮೂರು ವಾರಕ್ಕೆ ನಿಲ್ಲಿಸಿದರು.

ಅಣ್ಣಮ್ಮನವರು ಎರಡು ವಾರವೂ ತಡೆಯಲಿಲ್ಲ. ಒಂದು ಬೆಳಿಗ್ಗೆ ಹಂಸ ಕಾಫಿ ತಂದಾಗ ಅವರ ತುಟಿ ನೀಲಿಗಟ್ಟಿತ್ತು. ಸುನಿಲ್ ತನ್ನ ಕ್ಯಾಬ್‌ನಲ್ಲೇ ಮಲಗಿಸಿಕೊಂಡು ಹೊರಟ. ಕೆ.ಆರ್. ಪುರಂ ಕಡೆಯಿಂದ ಬರುವ ವಾಹನಗಳು ರಸ್ತೆ ತುಂಬ ನಿಂತಿದ್ದವು. ಹಿಂದಿನ ಸೀಟಿನಲ್ಲಿ ಅತ್ತೆಯ ತಲೆ ಹಂಸಳ ತೊಡೆಯ ಮೇಲಿತ್ತು. ಅಣ್ಣಮ್ಮ ಅವಳ ಬೆರಳುಗಳನ್ನು ಹಿಡಿದುಕೊಂಡೇ ಇದ್ದರು. ಆಸ್ಪತ್ರೆಯ ಗೇಟು ಕಾಣುವ ಹೊತ್ತಿಗೆ ಆ ಹಿಡಿತ ಸಡಿಲವಾಯಿತು.

ಹನ್ನೊಂದನೇ ದಿನದ ಕಾರ್ಯ ಮುಗಿಯಿತು. ನೆಂಟರು ಹೋದರು. ಕೇಸು ಸಾಯುವುದಿಲ್ಲ, ವಾರಸುದಾರರಾಗಿ ನೀವು ಮುಂದುವರಿಸಬಹುದು ಎಂದು ಮಜೀದಾ ಬಂದು ಹೇಳಿ ಹೋಗಿದ್ದರು. ಯಾರೂ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಹಂಸ ದಿಂಬಿನ ಕವರುಗಳನ್ನು ಒಗೆದು ಮಹಡಿಯ ಮೇಲೆ ಒಣಗಿಹಾಕಿದಳು. ಅವಳ ಉಗುರಿನ ಸಂದಿಯ ನೇರಳೆ ಪೂರ್ತಿ ಹೋಗಿತ್ತು.

ಮಾರನೆಯ ದಿನ ಮಧ್ಯಾಹ್ನ ಬಾಗಿಲಲ್ಲಿ ಪೋಸ್ಟ್‌ಮ್ಯಾನ್ ನಿಂತ. ಇಂದಿರಾನಗರದವನಲ್ಲ, ಇವನು ಬೇರೆ.

"ಅಣ್ಣಮ್ಮ ಯಾರು? ರಿಜಿಸ್ಟರ್ಡ್ ಇದೆ. ಸೈನ್ ಹಾಕ್ಬೇಕು."

ದಪ್ಪ ಲಕೋಟೆ. ಎಡಗಡೆ ಮೂಲೆಯಲ್ಲಿ ಕಂಪನಿಯ ವಕೀಲರ ಹೆಸರು; ಒಳಗೆ ಅವರ ತಕರಾರಿನ ನಕಲು ಇರಬೇಕು. ಸುನಿಲ್ ಬಾಗಿಲಿಗೆ ಬಂದು ಅದನ್ನು ನೋಡಿದ. ಅವನ ಮುಖ ಕೆಂಪಾಯಿತು.

"ಅವರಿಲ್ಲ," ಎಂದ. "ತೀರ್ಕೊಂಡ್ರು. ಹಂಗೇ ಬರೆದು ವಾಪಸ್ ಕಳ್ಸಿ. ಓದ್ಕೊಳ್ಳಲಿ ಅವರೂ."

"ಸರಿ ಸರ್." ಪೋಸ್ಟ್‌ಮ್ಯಾನ್ ಪೆನ್ನು ತೆಗೆದ. ಲಕೋಟೆಯನ್ನು ಅಂಗೈ ಮೇಲಿಟ್ಟುಕೊಂಡು ಬರೆಯಲು ಹೊರಟ.

"ಹಂಸ."

ವರಾಂಡದ ಮೂಲೆಯಿಂದ ಮಾವನ ಧ್ವನಿ. ಎಷ್ಟೋ ವಾರದ ಮೇಲೆ ಅವರ ಬಾಯಲ್ಲಿ ಆ ಹೆಸರು ಬಂದಿತ್ತು. ಹಂಸ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು.

"ತಗೋ ಅದನ್ನ," ಎಂದರು ಮುನಿನಾರಾಯಣಪ್ಪ. "ಈ ಮನೇಲಿ ಇಲ್ಲ ಅನ್ನೋದು ಬೇಡ."

ಪೋಸ್ಟ್‌ಮ್ಯಾನ್ ಎಲ್ಲರ ಮುಖವನ್ನೂ ನೋಡಿ, ಚೀಟಿಯನ್ನು ಹಂಸಳ ಕಡೆ ಚಾಚಿದ. "ಅವರಿಗೆ ನೀವೇನಾಗ್ಬೇಕು ಮೇಡಂ? ಅದನ್ನೂ ಬರೀರಿ."

ಹಂಸ ತನ್ನ ಹೆಸರು ಬರೆದಳು. ಪಕ್ಕದಲ್ಲಿ ಸೊಸೆ ಎಂದು ಬರೆದಳು. ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಾವನ ಮುಂದೆ ಹೋಗಿ ನಿಂತಳು.

ಅವರು ಅದಕ್ಕೆ ಕೈ ಚಾಚಲಿಲ್ಲ. ಫ್ರಿಜ್ಜಿನ ಮೇಲೆ, ಅಣ್ಣಮ್ಮನವರ ಮಾತ್ರೆ ಡಬ್ಬಿಯ ಕೆಳಗೆ, ವಾಪಸ್ ಬಂದ ಲಕೋಟೆಗಳ ಆ ಎರಡು ಜೆರಾಕ್ಸ್ ಹಾಳೆಗಳು ಹಾಗೆಯೇ ಇದ್ದವು. ಅತ್ತ ನೋಡಿ ಹೇಳಿದರು:

"ಅವೆರಡರ ಜೊತೆ ಇಡು."